ಹಂಟರನ ಮಗನ ಹೆಸರು

ಧಾರವಾಡದ ಮಹಾಶ್ವೇತಾ ಮೆಲ್ಬರ್ನಿನ ಕ್ಲೇಟನ್ ಬಡಾವಣೆಯ ವಿಶ್ವವಿದ್ಯಾಲಯಕ್ಕೆ ಬಂದದ್ದು ೨೦೦೨ರಲ್ಲಿ, ಹಂಟರ್ ಎಂಬವನು ಜಪಾನಿನಲ್ಲಿ ಕಟ್ಟಿದ ಹಡಗು ಕಾರ್ಖಾನೆಯ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡಲು. ಮೆಲ್ಬರ್ನಿನ ಕನ್ನಡಿಗರಿಗೆ ಇದು ಅರ್ಥವೇ ಆಗಲಿಲ್ಲ. "ಇದ್ರಿಂದ ಪಿಆರ್ ಸಿಗುತ್ತಾ, ಇಲ್ಲೇ ಖಾಯಂ ಇರ್ಬಹುದಾ?" ಎಂದು ಕೇಳುವರು, ಇಲ್ಲವೆಂದ ಕೂಡಲೇ ಮಾತನ್ನು ಮನೆಸಾಲದ ಮಾರ್ಟ್‌ಗೇಜಿನತ್ತ ತಿರುಗಿಸುವರು. ಅವಳೂ ಅವರನ್ನು ಲೆಕ್ಕಕ್ಕಿಡಲಿಲ್ಲ. "ಅಡಿಗಿಮನಿ ಕಟ್ಟಿಗೆ ಹಾಕಿದ ಕಲ್ಲು ಯಾವ ದೇಶದ್ದು ಅನ್ನೂದ ಬಿಟ್ರ ಬ್ಯಾರೆ ಚರಿತ್ರಿ ಇವ್ರಿಗೆ ಬ್ಯಾಡ" ಎಂದು ರೂಮಿನ ಗೆಳತಿ ಅನಸೂಯಳ ಮುಂದೆ ಮೂಗು ಮುರಿಯುತ್ತಿದ್ದಳು.

ಮೂರನೆಯ ವರ್ಷ ಸಿಡ್ನಿಯಿಂದ ಗೋಪೀನಾಥನ ಫೋನ್ ಬಂತು. ಅಲ್ಲಿನ ಕನ್ನಡ ಕೂಟವೊಂದರ ಅಧ್ಯಕ್ಷ. ಮನೆ ಕಟ್ಟಿಸಿ ಮಾರುವವ. ವ್ಯಾಪಾರದಲ್ಲಿ ಅವನ ಹೆಸರು ಗ್ಯಾರಿ. ಯುಗಾದಿಗೆ ಅವನಿಗೊಂದು ಭಾಷಣ ಬೇಕಿತ್ತು.

"ಆ ಹಂಟರ್ ಸ್ಟೋರಿ ಹೇಳಿ ಮೇಡಂ. ಫಾರಿನ್ನಿಂದ ಹೋಗಿ ಫ್ಯಾಕ್ಟರಿ ಕಟ್ಟಿದೋನು. ನಮ್ ಜನಕ್ಕೆ ಇನ್‌ಸ್ಪಿರೇಷನ್."

ಹೋದಳು. ಐರ್ಲೆಂಡಿನ ಹಂಟರ್ ೧೮೮೧ರಲ್ಲಿ ಒಸಾಕಾದ ನದಿದಂಡೆಯಲ್ಲಿ ಹಡಗು ಕಟ್ಟಲು ಶುರುಮಾಡಿದ ಎಂದಾಗ ಸಭಾಂಗಣವೆಲ್ಲ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಗೋಪೀನಾಥ ಆ ಹಡಗನ್ನು ತಾನೇ ಕಟ್ಟಿದವನಂತೆ ತಲೆದೂಗಿದ. ಕಬ್ಬಿಣ ಕಾಸಿ ಬಡಿದವರು ಅಲ್ಲಿನ ಕೆಲಸಗಾರರು ಎಂದಾಗ ಚಪ್ಪಾಳೆ ತೆಳುವಾಯಿತು. ಹಂಟರನ ಹೆಂಡತಿ ಜಪಾನಿನವಳು, ಅಪ್ಪನ ನಂತರ ಕಾರ್ಖಾನೆ ನಡೆಸಿದ ಮಗ ಜಪಾನಿ ಹೆಸರನ್ನೇ ಇಟ್ಟುಕೊಂಡು ಆ ದೇಶದವನೇ ಆಗಿಹೋದ ಎಂದಾಗ ಗುಸುಗುಸು ಎದ್ದಿತು.

ಗೋಪೀನಾಥ ವೇದಿಕೆ ಹತ್ತಿ ಪಕ್ಕಕ್ಕೆ ಬಂದ. "ಮಗನ್ ವಿಷ್ಯ ಬೇಡ ಮೇಡಂ. ಪೇರೆಂಟ್ಸ್ ಅಪ್‌ಸೆಟ್ ಆಗ್ತಾರೆ. ನಮ್ ಕಲ್ಚರ್ ಬಗ್ಗೆ ಹೇಳಿ."

ಅವಳು ಮೈಕಿನಲ್ಲೇ ಕೇಳಿದಳು: "ಯಾಕ್ರೀ ಗ್ಯಾರಿ ಅವರ? ಹಂಟರನ ಮಗ ಹೆಸರ ಬದಲ್ ಮಾಡ್ಕೊಂಡ್ರ ಕಲ್ಚರ್ ಹಾಳಾತು, ನೀವ್ ಮಾಡ್ಕೊಂಡ್ರ ಬಿಸಿನೆಸ್ಸೇನ್ರೀ?"

ಹಿಂದಿನ ಸಾಲಿನ ಹುಡುಗ ಹುಡುಗಿಯರು ಗೊಳ್ಳೆಂದು ನಕ್ಕರು. ಕನ್ನಡದಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಈ ಮಕ್ಕಳಿಗೆ ಇಷ್ಟು ಚೆನ್ನಾಗಿ ಕನ್ನಡ ತಿಳಿಯುತ್ತದೆಂದು ಹೆತ್ತವರಿಗೇ ಗೊತ್ತಿರಲಿಲ್ಲ. ಯಾರೋ ಅವಸರದಲ್ಲಿ ಊಟಕ್ಕೆ ಕರೆದರು.

ಊಟದಲ್ಲಿ ಅವಳ ಬಳಿ ಯಾರೂ ಕೂರಲಿಲ್ಲ. ಹೋಳಿಗೆ ಮುರಿಯುತ್ತ ಒಬ್ಬಳೇ ಕೂತಳು. ಆ ಚಪ್ಪಾಳೆ ತನಗೂ ಬೇಕಿತ್ತೆಂಬುದು ಆಗ ತಿಳಿದು, ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ತುಪ್ಪ ಬಡಿಸುತ್ತಿದ್ದ ಹುಬ್ಬಳ್ಳಿಯ ನೀಲಕ್ಕ ಮಾತ್ರ ಬಗ್ಗಿ, "ಛಲೋ ಹೇಳಿದಿ ಬಿಡವಾ. ಆದ್ರ ಇನ್ನ ನಿನ್ನ ಕರಿಯೂದಿಲ್ಲ ಇವ್ರು" ಎಂದಳು.

ಕರೆಯಲಿಲ್ಲ. ಕೂಟದ ಸಂಚಿಕೆಯಲ್ಲಿ ಅವಳ ಭಾಷಣ ಅಚ್ಚಾಯಿತು, ಅಪ್ಪ ಹಂಟರನ ಕತೆಯವರೆಗೆ ಮಾತ್ರ. ಫೋನ್ ಮಾಡಿ ಕೇಳಿದರೆ, "ಸ್ಪೇಸ್ ಇರ್ಲಿಲ್ಲ ಮೇಡಂ" ಎಂದ ಗೋಪೀನಾಥ. ಎದುರಿನ ಇಡೀ ಪುಟದಲ್ಲಿ ಅವನ ಮನೆಗಳ ಜಾಹೀರಾತಿತ್ತು.

೨೦೦೭ರಲ್ಲಿ ಪಿಎಚ್.ಡಿ. ಮುಗಿದು, ಮೆಲ್ಬರ್ನಿನಲ್ಲೇ ಹಳೆಯ ಹಡಗುಗಳ ಸಣ್ಣ ಮ್ಯೂಸಿಯಂ ಒಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಕನ್ನಡ ಕುಟುಂಬಗಳು ಬಂದರೆ ಕನ್ನಡದಲ್ಲೇ ವಿವರಿಸುತ್ತಿದ್ದಳು. ದೊಡ್ಡವರು ಫೋಟೊ ತೆಗೆಸಿಕೊಂಡು ಕೆಫೆಯತ್ತ ನಡೆಯುವರು. ಮಕ್ಕಳು ನಿಂತು ಕೇಳುವರು.