ಭಾವನ ನಾಲ್ಕನೇ ಹೋಳಿಗೆ

ಕೊಪ್ಪದ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಶೃಂಗೇರಿ, ಎನ್.ಆರ್. ಪುರದ ಕಡೆಯಿಂದ ಬರುವ ಮಕ್ಕಳ ಹೊತ್ತೆಲ್ಲ ಬಸ್ಸಿನಲ್ಲೇ ಹೋಗುತ್ತದೆ. ಅಲ್ಲೇ ಕೇಳಿಕೊಳ್ಳಲಿ ಎಂದು ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಅಜ್ಜಿಯ ಬಾಯಿಂದ ಮಾತು ಕಲಿತವಳು ನಾನು. ಕಥೆ ಸೇರಿಸದೆ ನಾಲಗೆ ಹೊರಳುವುದಿಲ್ಲ. ಒಂದೇ ವಸ್ತು ಮತ್ತೆ ಮತ್ತೆ ಸಿಕ್ಕರೆ ಅದರ ತೃಪ್ತಿ ಇಳಿಯುತ್ತ ಹೋಗುತ್ತದೆ ಎನ್ನುವ ನಿಯಮಕ್ಕೆ ನಮ್ಮ ಭಾವನನ್ನೇ ಊಟದ ಪಂಕ್ತಿಯಲ್ಲಿ ಕೂರಿಸಿದ್ದೆ. ಮೊದಲ ಹೋಳಿಗೆಗೆ ಕಣ್ಣು ಮುಚ್ಚಿ ಸುಖಪಟ್ಟ ಭಾವ, ನಾಲ್ಕನೆಯದಕ್ಕೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬಡಿಸುವವರು ಬಿಡುತ್ತಿಲ್ಲ. ಹೇಳುತ್ತ ಹೇಳುತ್ತ ನಾನೇ ಜೋರಾಗಿ ನಕ್ಕಿದ್ದೆ. ಆ ನಗುವನ್ನೂ ಹಾಗೇ ಕಳಿಸಿದ್ದೆ.

ಅದಾದ ಸ್ವಲ್ಪ ದಿನಕ್ಕೆ ಅಡ್ಡಗದ್ದೆಯ ಹುಡುಗಿಯೊಬ್ಬಳು ಬಂದು, ಆ ಪಾಠವನ್ನು ಬರೆದುಕೊಡುತ್ತೀರಾ ಎಂದು ಕೇಳಿದಳು.

“ಫೋನನ್ನ ಮನೇಲಿ ಮಲಗಿಸಿ ಬಂದ್ಯಾ ಮಾರಾಯ್ತಿ? ಗುಂಪಿಗೆ ಹಾಕಿದ್ದೀನಲ್ಲ, ಕೇಳು,” ಎಂದೆ. ತರಗತಿ ನಕ್ಕಿತು. ಅವಳೂ ನಕ್ಕಂತೆ ಮಾಡಿ ಕೂತಳು.

ಕಿರುಪರೀಕ್ಷೆಯಲ್ಲಿ ಒಂದು ಉತ್ತರದ ಜಾಗವನ್ನು ಖಾಲಿ ಬಿಟ್ಟಳು. ಅಂಕ ಕಳಿಸಿಯಾದ ಮೇಲೆ ಅವಳ ಗೆಳತಿ ಹೇಳಿದ್ದು: ಅವಳ ಫೋನನ್ನು ಅಮ್ಮ ಕಿತ್ತಿಟ್ಟುಕೊಂಡಿದ್ದಾರೆ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿತ್ತು. ಆ ಭಾನುವಾರವೇ ಅವರ ಮನೆಗೆ ಹೋದೆ.

ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅವಳ ಅಮ್ಮ, ನಾನು ಬಾಯಿ ತೆರೆದದ್ದೇ ಕೈ ನಿಲ್ಲಿಸಿದರು.

“ಇದೇ ದನಿ. ಹೋಳಿಗೆ ಕಥೆ ಹೇಳಿದ್ದು ನೀವೇಯಾ?”

ಹೌದೆಂದೆ. ಮಗಳು ಫೋನನ್ನು ಪಕ್ಕದಲ್ಲಿ ಹಾಡಿಸಿಕೊಂಡು ಅಡಿಕೆ ಸುಲಿಯುತ್ತಿದ್ದಳಂತೆ. ಒಳಗಿದ್ದ ಇವರಿಗೆ ಯಾರೋ ಹೆಂಗಸು ಹೋಳಿಗೆ ಕಥೆ ಹೇಳುತ್ತ ಬಿದ್ದೂ ಬಿದ್ದೂ ನಗುವುದಷ್ಟೇ ಕೇಳಿದೆ.

“ಪಾಠ ಅಂದ್ಳು ಕೂಸು. ಎಂತ ಪಾಠ, ನಂಗೆ ಕಿವಿ ಇಲ್ವಾ ಅಂತ ಬೈದು ಒಳಗಿಟ್ಟೆ. ಮೇಡಂ ಹಿಂಗೆಲ್ಲ ನಗ್ತಾರೆ ಅಂತ ನಂಗೆಂತ ಗೊತ್ತು?”

ತಪ್ಪು ನನ್ನದು, ಅವಳು ಕೇಳುತ್ತಿದ್ದದ್ದು ಪಾಠವೇ ಎಂದೆ. ಅವರು ಎದ್ದುಹೋಗಿ ಕಪಾಟಿನಿಂದ ಫೋನು ತಂದು ಮಗಳ ಕೈಗೆ ಕೊಟ್ಟರು. ಕಾಫಿಯನ್ನೂ ತಂದರು. ನನ್ನ ಸಂಕೋಚ ಕಂಡೋ ಏನೋ, ಎದುರಿಗೆ ಕೂತು ನಗುತ್ತ ಕೇಳಿದರು: “ಅರ್ಧಕ್ಕೇ ಆಫ್ ಮಾಡಿದ್ದೆ. ಕಡೆಗೆ ಆ ಭಾವ ನಾಲ್ಕನೇದು ತಿಂದ್ರಾ?”

ಬಾಗಿಲಲ್ಲಿ ನಿಂತ ಹುಡುಗಿ ತಲೆ ಎತ್ತಲಿಲ್ಲ.

“ಟೆಸ್ಟಲ್ಲಿ ಅದೇ ಬಂದಿತ್ತು ಅಮ್ಮ,” ಎಂದಳು.

ಅವಳು ಖಾಲಿ ಬಿಟ್ಟಿದ್ದ ಆ ಪ್ರಶ್ನೆ ಹಾಕಿದವಳು ನಾನೇ. ಕಾಫಿ ಲೋಟ ಕೆಳಗಿಟ್ಟು, ಅವಳ ನೋಟ್‌ಬುಕ್ ಕೇಳಿ ಪಡೆದು, ಭಾವನ ಮೊದಲ ಹೋಳಿಗೆಯಿಂದ ಬರೆಯತೊಡಗಿದೆ.