ಹ್ಯಾಂಡಲಿನ ಮೇಲೆ ಬೀಡಿಯ ತಡ್ಪೆ

ಸಿದ್ಧಕಟ್ಟೆಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುತ್ತಿದ್ದರು. ಮಾತಾಡುವಾಗಲೂ ಟಿ.ವಿ. ನೋಡುವಾಗಲೂ ಅವರ ಬೆರಳುಗಳು ಎಲೆ ಸುತ್ತುತ್ತಲೇ ಇರುತ್ತಿದ್ದವು. "ಕೈ ಯಾಕೆ ಸುಮ್ಮನೆ ಇರಬೇಕು ಮಾರಾಯ್ತಿ?" ಎನ್ನುತ್ತಿದ್ದರು.

ಮೊಣಕಾಲು ನೋವಿಗೆ ಡಾಕ್ಟರು, ನೆಲದಲ್ಲಿ ಕೂರಬೇಡಿ, ಮನೆಯೊಳಗೇ ವ್ಯಾಯಾಮದ ಸೈಕಲ್ ತುಳಿಯಿರಿ ಎಂದರು. ಮೂಡುಬಿದಿರೆಯ ಅಂಗಡಿಗೆ ನಾನೂ ಜೊತೆಗೆ ಹೋದೆ. ಅಕ್ಕ ಚೀಲದಿಂದ ಎಲೆ, ಹೊಗೆಸೊಪ್ಪು ಇಟ್ಟುಕೊಳ್ಳುವ ತಡ್ಪೆಯನ್ನು, ಆ ಸಣ್ಣ ಮೊರವನ್ನು, ತೆಗೆದು, ಒಂದೊಂದೇ ಸೈಕಲ್ಲಿನ ಹ್ಯಾಂಡಲ್ ಮೇಲಿಟ್ಟು ತುಳಿದು ನೋಡಿದರು. ನನಗೆ ನಾಚಿಕೆಯಾಗಿ ಬೇರೆಲ್ಲೋ ನೋಡುತ್ತ ನಿಂತೆ.

"ಇಲ್ಲಿ ಕೈಯಲ್ಲಿ ಹಿಡಿದರೆ ಪರದೆಯಲ್ಲಿ ನಾಡಿಬಡಿತ ಬರ್ತದೆ ಅಕ್ಕ," ಎಂದ ಅಂಗಡಿಯವನು.

"ಕೈಗೆ ಬೇರೆ ಕೆಲಸ ಉಂಟು. ಅಲುಗಾಡದ್ದು ಯಾವುದು, ಅದು ಹೇಳಿ."

ಅಗ್ಗದ್ದರಲ್ಲೇ ಎಲ್ಲಕ್ಕಿಂತ ಭಾರದ್ದನ್ನು ಆರಿಸಿದರು. ಮನೆಯಲ್ಲಿ ತಡ್ಪೆಯನ್ನು ಹ್ಯಾಂಡಲಿಗೆ ಹಗ್ಗದಿಂದ ಬಿಗಿದರು. ದಿನಾ ಬೆಳಿಗ್ಗೆ ಅರ್ಧ ಗಂಟೆ ಕಾಲು ತುಳಿಯುತ್ತಿತ್ತು, ಕೈ ಬೀಡಿ ಕಟ್ಟುತ್ತಿತ್ತು. ನೋವೂ ಇಳಿಯುತ್ತ ಬಂತು.

ಒಮ್ಮೆ, ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಈ ವಾರ ಎಲೆ ಇಲ್ಲ ಎಂದು ಅಕ್ಕನನ್ನು ವಾಪಸು ಕಳಿಸಿದರು. ಮರುದಿನ ನಾನು ಹೋದಾಗ ಅಕ್ಕ ಸೈಕಲ್ ಹತ್ತಿ ಕೂತಿದ್ದರು. ಹ್ಯಾಂಡಲ್ ಹಿಡಿದರು, ಬಿಟ್ಟರು, ಸೆರಗು ಸರಿ ಮಾಡಿಕೊಂಡರು, ಇಳಿದರು, ಮತ್ತೆ ಹತ್ತಿದರು.

"ಕಾಲು ಹೋಗುವುದೇ ಇಲ್ಲ," ಎಂದರು.

ಆಮೇಲೆ ಖಾಲಿ ತಡ್ಪೆಯ ಮೇಲೆ ಎರಡೂ ಕೈ ಚಾಚಿದರು. ಬೆರಳುಗಳು ಅಲ್ಲಿಲ್ಲದ ಎಲೆಯನ್ನು ಸುತ್ತತೊಡಗಿದವು. ಪೆಡಲ್ ತಿರುಗಿತು.