ನ್ಯಾಮತಿಯಲ್ಲಿ ನನಗೆ ಮಕ್ಕಳಿರಲಿಲ್ಲ

ನೀನು ನನ್ನ ಮಗಳಲ್ಲ ಎಂದು ಹೇಳಿದ್ದೆ, ವೀಣಾ. ನಿನ್ನ ಕೈ ನನ್ನ ಕೈಯಲ್ಲಿದ್ದಾಗಲೇ, ನಿನ್ನ ಕಿವಿಗೆ ಬೀಳುವಂತೆಯೇ ಹೇಳಿದ್ದೆ. ನಿನಗದು ನೆನಪಿದೆಯೋ ಇಲ್ಲವೋ — ಕೇಳುವ ಧೈರ್ಯ ಇಷ್ಟು ವರ್ಷ ಬರಲಿಲ್ಲ.

ಆಗ ನೀನು ಒಂದನೇ ಕ್ಲಾಸು. ಚನ್ನಗಿರಿಯ ನಮ್ಮ ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮಪ್ಪ ಒಂದು ದಿನವೂ ಕೈ ಎತ್ತಿದವರಲ್ಲ. ನಿಮ್ಮಜ್ಜಿ ನನ್ನನ್ನು ಬಾಯ್ತುಂಬ 'ಅವ್ವಾ' ಎಂದೇ ಕರೆಯುತ್ತಿದ್ದರು. ಆದರೂ ರೊಟ್ಟಿ ತಟ್ಟುವಾಗ ಒಮ್ಮೊಮ್ಮೆ ಕೈ ತಾನಾಗಿ ನಿಂತುಬಿಡುತ್ತಿತ್ತು — ಇಷ್ಟೇನಾ? ಮತ್ತೇನು ಬೇಕಿತ್ತು ನನಗೆ? ಓದಬೇಕೆಂಬ ಆಸೆಯೇ? ಅಲ್ಲ. ನೌಕರಿಯೇ? ಅದೂ ಅಲ್ಲ. ಹೆಸರೇ ಗೊತ್ತಿಲ್ಲದ ಸಾಮಾನನ್ನು ಅಂಗಡಿಯಲ್ಲಿ ಹೇಗೆ ಕೇಳುವುದು?

ಹೊನ್ನಾಳಿಯ ದೊಡ್ಡಮ್ಮನನ್ನು ನೋಡಿಕೊಂಡು ಬರುತ್ತೇನೆಂದು ಒಂದು ಬೆಳಿಗ್ಗೆ ಹೊರಟೆ. ನಿನ್ನನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದೆ. ಹೊನ್ನಾಳಿ ಬಂತು, ಜನ ಇಳಿದರು, ನಾನು ಇಳಿಯಲಿಲ್ಲ. ಕಂಡಕ್ಟರ್ ಬಂದಾಗ 'ನ್ಯಾಮತಿ' ಎಂದು ಬಾಯಿಗೆ ಬಂದ ಊರಿನ ಹೆಸರು ಹೇಳಿದೆ. ಅಲ್ಲಿ ನನ್ನವರು ಯಾರೂ ಇರಲಿಲ್ಲ. ಅದಕ್ಕೇ ಇರಬೇಕು.

ನ್ಯಾಮತಿ ಬಸ್ ನಿಲ್ದಾಣದ ಹತ್ತಿರ ಗಂಗಮ್ಮ ಎಂಬಾಕೆ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದಳು. ಒಬ್ಬಳೇ ಕೂತ ನನ್ನನ್ನು ನೋಡಿ ತಾನಾಗಿಯೇ ಬಂದು ತಟ್ಟೆ ಇಟ್ಟಳು.

"ಯಾಕವ್ವ, ಮುಖ ಹಿಂಗೆ ಬಾಡೈತೆ? ಮಕ್ಕಳೆಷ್ಟು ನಿನಗೆ?"

"ಇಲ್ಲ ಅಕ್ಕ. ಮಕ್ಕಳಿಲ್ಲ."

ಯಾಕೆ ಹಾಗೆ ಹೇಳಿದೆ — ಈಗಲೂ ತಿಳಿಯದು. ಹೇಳಿದ ಗಳಿಗೆಯಲ್ಲಿ ಮೈಯೆಲ್ಲ ಹಗುರವಾಯಿತು. ಆಮೇಲೆ ನಿನ್ನ ಮುಖ ನೆನಪಾಗಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಎರಡೂ ನಿಜ. ಒಂದನ್ನೇ ಹೇಳಿದರೆ ಸುಳ್ಳಾಗುತ್ತದೆ.

"ಆಗ್ತಾವೆ ಬಿಡವ್ವ," ಎಂದು ಆಕೆ ನನ್ನ ಬೆನ್ನು ಸವರಿದಳು. "ನಿನ್ನ ಹೆಸರಲ್ಲಿ ನಾನೇ ಹರಕೆ ಹೊತ್ಕಂತೀನಿ."

ಸಂಜೆ ಮನೆಗೆ ಬಂದು, ದೊಡ್ಡಮ್ಮ ಚೆನ್ನಾಗಿದ್ದಾರೆ ಎಂದೆ. ನೀನು ಓಡಿ ಬಂದು ಕಾಲಿಗೆ ಸುತ್ತಿಕೊಂಡೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಕೆಲವು ತಿಂಗಳಾದ ಮೇಲೆ ನಿನ್ನನ್ನು ಸ್ಕೂಲಿನಿಂದ ಕರೆದುಕೊಂಡು ಬರುತ್ತಿದ್ದೆ. ಚನ್ನಗಿರಿಯ ಬಸ್ ಸ್ಟ್ಯಾಂಡಿನ ಎದುರು ಯಾರೋ ಸೆರಗು ಹಿಡಿದರು. ಗಂಗಮ್ಮ. ನೆಂಟರ ಮದುವೆಗೆ ಬಂದಿದ್ದಳಂತೆ.

"ನೆನಪೈತೇನವ್ವ ನನ್ನ? ಈ ಮಗು ಯಾರದು?"

"ನಮ್ಮಕ್ಕನ ಮಗಳು," ಎಂದೆ.

ಕೈ ಬಿಡಲಿಲ್ಲ. ಆದರೆ ನನ್ನ ಬೆರಳು ಸಡಿಲವಾದದ್ದು ನಿನಗೆ ಗೊತ್ತಾಗಿರಬೇಕು. ನೀನು ತಲೆಯೆತ್ತಿ ನನ್ನನ್ನೇ ನೋಡಿದೆ. ಗಂಗಮ್ಮ ಬಗ್ಗಿ ನಿನ್ನ ಗಲ್ಲ ಮುಟ್ಟಿ, "ನಿಮ್ಮ ಚಿಕ್ಕಮ್ಮಂಗೂ ಒಂದು ಪಾಪು ಕೊಡಪ್ಪ ಅಂತ ದೇವರನ್ನ ಕೇಳು ಮಗಾ. ಮಕ್ಕಳು ಕೇಳಿದ್ರೆ ಕೊಡ್ತಾನೆ," ಎಂದಳು.

ಮನೆಗೆ ಬಂದವಳೇ ನೀನು ಯೂನಿಫಾರಂ ಕೂಡ ಬಿಚ್ಚದೆ ದೇವರ ಮುಂದೆ ನಿಂತು, ಕಣ್ಣು ಮುಚ್ಚಿ, ಕೈ ಮುಗಿದೆ: "ನಮ್ಮಮ್ಮಂಗೆ ಒಂದು ಪಾಪು ಕೊಡಪ್ಪ. ಪಾಪ, ಅವಳಿಗೆ ಯಾರೂ ಇಲ್ಲಂತೆ."

ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಬಂದು ನಿನ್ನನ್ನು ಎತ್ತಿಕೊಳ್ಳಬಹುದಿತ್ತು. ಸುಳ್ಳು ಹೇಳಿದೆ ಮಗಳೇ, ನೀನೇ ನನ್ನ ಪಾಪು ಎನ್ನಬಹುದಿತ್ತು. ಅದನ್ನು ಬಿಟ್ಟು ಏನೆಂದೆ ಗೊತ್ತೆ? "ಅದು ತಮಾಷೆಗೆ ಅಂದಿದ್ದು. ಅಪ್ಪಂಗೆ ಹೇಳಬೇಡ." ನೀನು ಹೇಳಲಿಲ್ಲ. ಒಂದು ಸಲವೂ ಹೇಳಲಿಲ್ಲ. ಆ ವಯಸ್ಸಿಗೆ ಅಷ್ಟು ದೊಡ್ಡ ಗುಟ್ಟನ್ನು ನಿನ್ನ ಮೇಲೆ ಹೊರಿಸಿದವಳು ನಾನು.

ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಈಗ ಯಾಕೆ ತೆಗೆಯುತ್ತಿದ್ದೇನೆಂದರೆ — ಹೋದ ವಾರ ಜಗಳೂರಿನಿಂದ ನೀನು ಮಾಡಿದ ಫೋನು. ಕೂಸಿಗೆ ಎಂಟು ತಿಂಗಳು, ನೀನು ಟೀಚರ್ ಕೆಲಸ ಬಿಟ್ಟು ವರ್ಷವಾಗುತ್ತ ಬಂತು. ನೀನು ಅಳಲಿಲ್ಲ, ಸುಮ್ಮನೆ ಕೇಳಿದೆ: "ಅಮ್ಮ, ಬರೀ ಹಾಲು, ಬಟ್ಟೆ, ಅಡುಗೆ. ಇಷ್ಟೇನಾ? ನಿನಗೆ ಯಾವತ್ತೂ ಹಂಗೆ ಅನ್ನಿಸಿಲ್ವಾ?"

"ಇಲ್ಲಪ್ಪ," ಎಂದೆ. "ತಾಯಿ ಆದೋಳಿಗೆ ಹಂಗೆಲ್ಲ ಅನ್ನಿಸಬಾರದು."

ಹಿಂದಿನಿಂದ ಅಳಿಯಂದಿರ ದನಿ ಕೇಳಿಸಿತು. "ನೋಡು, ನಿಮ್ಮಮ್ಮನ್ನ ನೋಡಿ ಕಲಿ. ಒಂದಿನಾನೂ ಬೇಜಾರು ಅಂದೋರಲ್ಲ." ಆ ಹೊಗಳಿಕೆಯನ್ನೂ ನಾನು ಬೇಡವೆನ್ನಲಿಲ್ಲ. ನೀನು ಫೋನಿಟ್ಟೆ. ನಿನ್ನನ್ನು ಮೂರನೇ ಸಲ ಇಲ್ಲವೆಂದೆ ಅನ್ನಿಸಿತು. ಈ ಸಲ ಗಂಗಮ್ಮನಿಗಲ್ಲ, ನಿನಗೇ ಹೇಳಿದ್ದು.

ಸಂಸಾರ ಸಾಕಾಗಿತ್ತೇ ನನಗೆ? ಹೊಟ್ಟೆ ತುಂಬಿದರೂ 'ಸಾಕು' ಅನ್ನುತ್ತೇವೆ, ಬೇಸತ್ತರೂ 'ಸಾಕು' ಅನ್ನುತ್ತೇವೆ. ನನ್ನದು ಯಾವುದಾಗಿತ್ತೋ, ಈ ವಯಸ್ಸಿನಲ್ಲೂ ಬಿಡಿಸಿ ಹೇಳಲಾರೆ. ನಿನ್ನ ಮೇಲಿನ ಪ್ರೀತಿ ಒಂದು ದಿನವೂ ಕಡಿಮೆಯಾಗಲಿಲ್ಲ. ಆದರೆ ಅದು ಎಲ್ಲವನ್ನೂ ತುಂಬಲೂ ಇಲ್ಲ. ಇವೆರಡೂ ಒಂದೇ ಎದೆಯಲ್ಲಿ ಹೇಗಿದ್ದವು...

ಭಾನುವಾರ ಜಗಳೂರಿಗೆ ಬರುತ್ತೇನೆ. ಅಳಿಯಂದಿರು ಮನೆಯಲ್ಲಿರುವ ಹೊತ್ತಿಗೇ ಬರುತ್ತೇನೆ. ಅವರ ಮುಂದೆಯೇ ಇದಷ್ಟನ್ನೂ ಹೇಳುತ್ತೇನೆ. ನನ್ನ ಹೆಸರು ಹೇಳಿ ಇನ್ನು ಯಾರೂ ನಿನ್ನ ಬಾಯಿ ಮುಚ್ಚಿಸುವುದು ಬೇಡ. ಕೇಳಿದ ಮೇಲೆ ನೀನು ಎದ್ದು ಒಳಗೆ ಹೋದರೂ ಸರಿಯೇ. ಹೊರಗೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ. ನೀನು ಎಷ್ಟು ಹೊತ್ತು ಬಾರದಿದ್ದರೂ ಕರೆಯುವುದಿಲ್ಲ.